ಅರವತ್ತು ಕಿಲೋಗಿಂತ ಕಡಿಮೆ ಇರುವವರ ಪರವಾಗಿ

ಸೇನಾ ಖರೀದಿ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ಕಚೇರಿ ಒಪ್ಪಿ, ತರಿಸಿ, ಹೆಲಿಕಾಪ್ಟರುಗಳಿಗೆ ಜೋಡಿಸಿರುವ ಸೀಟು ಅರವತ್ತು ಕಿಲೋಗಿಂತ ಕಡಿಮೆ ತೂಕದವರ ಬೆನ್ನುಮೂಳೆಯನ್ನು ಕಾಪಾಡುವುದಿಲ್ಲ. ಇದು ನಿಮಗೆ ಗೊತ್ತು. ನಿಮ್ಮದೇ ಕಡತದಲ್ಲಿ ಕೆಂಪು ಶಾಯಿಯ ಐದು ಸಾಲುಗಳಿವೆ. ಅವುಗಳ ಕೆಳಗೆ ನಿಮ್ಮ ಕಚೇರಿಯ ಹಸಿರು ಶಾಯಿಯಲ್ಲಿ 'ಗಮನಿಸಲಾಗಿದೆ' ಎಂಬ ಒಂದೇ ಒಂದು ಪದವಿದೆ. ಆ ಐದು ಸಾಲು ಬರೆದವಳು ನನ್ನ ಅಮ್ಮ. ಆ ಸೀಟಿನಲ್ಲಿ ಕೂತು ಸತ್ತವಳು ಅಮ್ಮನ ಶಿಷ್ಯೆ. ಬರುವ ಶನಿವಾರ ಅದೇ ಸೀಟುಗಳಲ್ಲಿ ನಮ್ಮ ಕಾಲೇಜಿನ ಕೆಡೆಟ್ ದಳದ ಹದಿನಾರು ಫಸ್ಟ್ ಇಯರ್ ವಿದ್ಯಾರ್ಥಿಗಳನ್ನು ಕೂರಿಸಿ, ಊರ ಮೇಲೆ ಒಂದು ಸುತ್ತು ಹೊಡೆಸಿ, ಫೋಟೋ ತೆಗೆಸಲಿದ್ದೀರಿ. ಆ ಹಾರಾಟ ನಿಲ್ಲಿಸಿ ಎಂದು ಕೇಳುವುದಕ್ಕೆ ಪತ್ರಿಕೆಯ ಮೂಲಕ ಈ ಬಹಿರಂಗ ಪತ್ರ.

ನಾನು ಓದಿದ್ದೆಲ್ಲ ಹಾಸ್ಟೆಲುಗಳಲ್ಲಿ, ಅದೂ ಅರ್ಧಕ್ಕರ್ಧ ಇಂಗ್ಲಿಷಿನಲ್ಲಿ. 'ತಮ್ಮ ಅವಗಾಹನೆಗೆ ತರುವುದೇನೆಂದರೆ' ಎಂಬ ಭಾಷೆ ನನ್ನ ಕೈಗೆ ಒಗ್ಗಿಲ್ಲ. ಕಾಗುಣಿತ ತಪ್ಪಿದ್ದರೆ ಸಾರಿ. ಬೇರೆ ಯಾವುದಕ್ಕೂ ಸಾರಿ ಕೇಳುವುದಿಲ್ಲ. ಕಡತದೊಳಗಿನ ಸಂಗತಿ ಈ ಹುಡುಗಿಗೆ ಹೇಗೆ ಗೊತ್ತಾಯಿತು ಎಂದು ದಯವಿಟ್ಟು ತನಿಖೆಗೆ ಹೊರಡಬೇಡಿ. ಹೋದ ತಿಂಗಳು ಅಮ್ಮನಿಗೆ ನೋಟಿಸು ಕಳಿಸಿದಾಗ ಆ ಪುಟದ ಜೆರಾಕ್ಸನ್ನು ನೀವೇ ಪಿನ್ನು ಹಾಕಿ ಲಗತ್ತಿಸಿದ್ದಿರಿ. ರಜೆಗೆ ಬಂದಿದ್ದ ನಾನೇ ಬಾಗಿಲಲ್ಲಿ ನಿಂತು ಲಕೋಟೆ ತೆಗೆದುಕೊಂಡೆ. ರಾಷ್ಟ್ರದ ರಹಸ್ಯ ನಮ್ಮ ಮನೆಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು, ಮಾನ್ಯರೇ. ಉಳಿದದ್ದನ್ನು ಅಮ್ಮ ಆ ಜೆರಾಕ್ಸನ್ನು ಕೈಯಲ್ಲಿ ಹಿಡಿದುಕೊಂಡು ಹೇಳಿದಳು. ಹೇಳಿದ್ದಕ್ಕೆ ಶಿಕ್ಷೆ ಏನಿದೆಯೋ ಅದನ್ನೂ ಕಳಿಸಲಿ ಎಂದಿದ್ದಾಳೆ.

ಅಮ್ಮ ಹದಿನಾರು ವರ್ಷ ಸೇನೆಯ ಹೆಲಿಕಾಪ್ಟರ್ ಹಾರಿಸಿದವಳು. ಹದಿನೇಳನೆಯ ವರ್ಷ ಒಂದು ಮಧ್ಯಾಹ್ನ ಇಳಿಯುವಾಗ ಎಂಜಿನ್ ಕೈಕೊಟ್ಟು ಮನೆಯ ಮಾಳಿಗೆಯಷ್ಟು ಎತ್ತರದಿಂದ ಹೆಲಿಕಾಪ್ಟರ್ ನೆಲಕ್ಕೆ ಬಡಿಯಿತು. ಹಳೆಯ ಸೀಟು, ಬರೀ ಕಬ್ಬಿಣ. ಸೊಂಟದ ಮೇಲಿನ ಒಂದು ಮೂಳೆ ಬಿಸ್ಕತ್ತಿನಂತೆ ಪುಡಿಯಾಯಿತು. ಏಳು ತಿಂಗಳು ಬೆನ್ನಿಗೆ ಪಟ್ಟಿ ಬಿಗಿದುಕೊಂಡು, ಹೊಟ್ಟೆ ಅಡಿಯಾಗಿ ಮಲಗಿ, ನೆಲದ ಮೇಲೆ ಪುಸ್ತಕ ಹರಡಿಕೊಂಡು ಎಂಜಿನಿಯರಿಂಗ್ ಓದಿದಳು. "ಹಾರ್ಸೋಕಾಗದಿದ್ರೆ ಏನಂತೆ, ಹಾರೋರ ಸೊಂಟ ಉಳಿಸೋದು ಕಲೀತೀನಿ," ಅಂತ. ಪಾಸಾಗಿ, ಕೊಳ್ಳುವ ಮುಂಚೆ ಆಯುಧ ಮತ್ತು ಯಂತ್ರಗಳನ್ನು ಪರೀಕ್ಷಿಸುವ ನಿಮ್ಮದೇ ವಿಭಾಗಕ್ಕೆ ಬಂದಳು. ಅವಳು ಎಲ್ಲಿ ಹೋದರೂ ಕುರ್ಚಿಯನ್ನು ಎರಡು ಸಲ ಒತ್ತಿ ನೋಡಿಯೇ ಕೂರುವುದು. ಬಸ್ಸಿನಲ್ಲೂ ಅಷ್ಟೇ. "ಕೂತ್ಕೊಳೇ ಮಾರಾಯ್ತಿ, ಬಸ್ಸನ್ನೇನು ನೀನು ಖರೀದಿ ಮಾಡ್ಬೇಕಾಗಿಲ್ಲ," ಅಂತ ಅಪ್ಪ ರೇಗಿಸುತ್ತಿದ್ದರು.

ಮೂರು ವರ್ಷದ ಹಿಂದೆ ನಿಮ್ಮ ಕಚೇರಿ ಹೊಸ ಸಲಕರಣೆ ಕೊಳ್ಳಲು ಹೊರಟಿತು. ಗನ್ನು, ರಾಕೆಟ್ಟು, ಸೀಟು ಮೂರೂ ಒಂದೇ ಒಪ್ಪಂದದಲ್ಲಿ. ರಾಕೆಟ್ ಪರೀಕ್ಷೆಯ ದಿನ ಬಯಲಿನಲ್ಲಿ ಟೆಂಟು ಹಾಕಿ, ಕುರ್ಚಿ ಹಾಕಿ, ಎಲ್ಲರ ಕೈಗೂ ಬೈನಾಕ್ಯುಲರ್ ಕೊಟ್ಟಿದ್ದಿರಂತೆ. ಗುಡ್ಡದ ಮೇಲಿನ ಹಳೇ ಲಾರಿ ಚೂರಾದಾಗ ಚಪ್ಪಾಳೆಯೋ ಚಪ್ಪಾಳೆ. ಸೀಟಿನ ಪರೀಕ್ಷೆಗೆ ಶೆಡ್ಡಿನೊಳಗೆ ಇದ್ದವರು ಅಮ್ಮನೂ ಸೇರಿ ಪರೀಕ್ಷಾ ಸಮಿತಿಯ ಆರೇ ಜನ. ಕೊಲ್ಲುವುದನ್ನು ನೋಡಲು ಅಷ್ಟು ಮಂದಿ ಬೇಕು, ಬದುಕಿಸುವುದನ್ನು ನೋಡಲು ಇಷ್ಟು ಸಾಕು ಎಂದು ಯಾವ ಸುತ್ತೋಲೆಯಲ್ಲಿ ಬರೆದಿದೆ?

ಆ ಸೀಟಿನ ಕೆಲಸ ಸುಲಭವಾಗಿ ಹೇಳುತ್ತೇನೆ, ಪತ್ರಿಕೆ ಓದುವವರಿಗೂ ತಿಳಿಯಲಿ. ಹೆಲಿಕಾಪ್ಟರ್ ನೆಲಕ್ಕೆ ಬಡಿದಾಗ ಸೀಟಿನ ಕಾಲುಗಳು ತಾವೇ ಕುಸಿದು, ಏಟನ್ನು ತಾವು ನುಂಗಿ, ಕೂತವರ ಬೆನ್ನು ಉಳಿಸಬೇಕು. ಅದಕ್ಕೆ ತೂಕ ತುಂಬಿದ ಗೊಂಬೆಗಳನ್ನು ಕೂರಿಸಿ ಎತ್ತರದಿಂದ ಬೀಳಿಸಿದರು. ತೊಂಬತ್ತು ಕಿಲೋ ಗೊಂಬೆಗೆ ಕಾಲುಗಳು ಚೆನ್ನಾಗಿ ಕುಸಿದವು. ಎಪ್ಪತ್ತೈದಕ್ಕೂ ಕುಸಿದವು. ಮೂರನೆಯದು ಐವತ್ತೆರಡು ಕಿಲೋ. ಕಾಲುಗಳು ಕಮಕ್ ಕಿಮಕ್ ಅನ್ನಲಿಲ್ಲ. ಏಟೆಲ್ಲ ಗೊಂಬೆಯ ಬೆನ್ನಿಗೇ ಹೋಯಿತು. ಕುಸಿಯುವುದಕ್ಕೆ ಭಾರ ಸಾಲದು, ಹಗುರಾದವರಿಗೆ ಸೀಟು ಕಲ್ಲುಬೆಂಚು.

"ನಮ್ಮ ಪೈಲಟ್‌ಗಳಲ್ಲಿ ಐವತ್ತೆರಡು ಕಿಲೋ ಯಾರಿದಾರ್ರೀ?" ಎಂದು ಸಮಿತಿಯ ಅಧ್ಯಕ್ಷರು ಕೇಳಿದರಂತೆ.

"ನಾನಿದ್ದೆ ಸರ್," ಎಂದಳಂತೆ ಅಮ್ಮ.

"ನೀವೀಗ ಹಾರಲ್ವಲ್ಲ ಮೇಡಂ!"

ಎಲ್ಲರೂ ನಕ್ಕರಂತೆ. ತೂಕಕ್ಕೆ ತಕ್ಕಂತೆ ತಿರುಗಿಸುವ ಗುಂಡಿಯನ್ನು ಮುಂದಿನ ಕಂತಿನಲ್ಲಿ ಕೊಡುತ್ತೇವೆ ಎಂದು ಕಂಪನಿಯವರು ಮಾತು ಕೊಟ್ಟರಂತೆ. ಆ ಮುಂದಿನ ಕಂತು ಎಲ್ಲಿದೆ ಎಂದು ಯಾರಾದರೂ ಕೇಳಿದ್ದೀರಾ?

ಈಗ ಅಮ್ಮನ ತಪ್ಪಿಗೆ ಬರುತ್ತೇನೆ. ಅವಳೂ ತಪ್ಪು ಮಾಡಿದ್ದಾಳೆ, ಅದನ್ನು ಮುಚ್ಚಿಟ್ಟರೆ ನಾನೂ ನಿಮ್ಮ ಸಾಲಿನಲ್ಲೇ ಕೂರಬೇಕಾದೀತು.

ಪ್ರತಿ ಹೆಲಿಕಾಪ್ಟರಿಗೂ ಒಂದು ಪುಸ್ತಕ ಇರುತ್ತದೆ. ಹಾರಿಸಿ ಬಂದ ಪೈಲಟ್ ಏನಾದರೂ ದೋಷ ಕಂಡರೆ ಅದರಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಸಹಿ ಹಾಕಬೇಕು. ಅಷ್ಟೇ, ಆ ಯಂತ್ರ ನಿಂತಿತು. ರಿಪೇರಿಯವರು ಸರಿಮಾಡಿ ಎದುರಿಗೆ ಸಹಿ ಹಾಕುವ ತನಕ ಸೇನಾಧಿಪತಿ ಬಂದು ನಿಂತರೂ ಅದು ಮೇಲೇಳುವುದಿಲ್ಲ. ಹದಿನಾರು ವರ್ಷ ಅಮ್ಮ ಹೀಗೆ ಬದುಕಿದವಳು. ಸಮಿತಿಯ ವರದಿ ಎದುರಿಗೆ ಬಂದಾಗಲೂ ಅದನ್ನೇ ಮಾಡಿದಳು. ಷರಾ ಕಾಲಮ್ಮಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಳು: 'ಅರವತ್ತು ಕಿಲೋಗಿಂತ ಕಡಿಮೆ ಇರುವವರಿಗೆ ಈ ಸೀಟು ಅಪಾಯಕಾರಿ.' ಇನ್ನೂ ನಾಲ್ಕು ಸಾಲು. ಕೊನೆಯ ಪುಟದಲ್ಲಿ ಸಹಿ ಹಾಕಿದಳು. ಸಂಜೆ ನನ್ನ ಹಾಸ್ಟೆಲಿಗೆ ಫೋನ್ ಮಾಡಿ, "ಇವತ್ತು ಒಂದನ್ನ ನಿಲ್ಲಿಸ್ದೆ ಕಣೇ," ಎಂದಳು. ಏನನ್ನು ಅಂತ ಹೇಳಲಿಲ್ಲ. ದನಿ ಮಾತ್ರ ಎಷ್ಟೋ ವರ್ಷದ ಮೇಲೆ ಹಗುರಾಗಿತ್ತು.

ನಿಮ್ಮ ಕಚೇರಿಯಲ್ಲಿ ಕೊನೆಯ ಪುಟಕ್ಕೆ ಸಹಿ ಹಾಕಿದರೆ ಒಪ್ಪಿದ ಹಾಗೆ. ಒಪ್ಪದವರು ಸಹಿ ಹಾಕದೆ, ಬೇರೆ ಹಾಳೆಯಲ್ಲಿ ಭಿನ್ನಮತ ಬರೆದು ಕೊಡಬೇಕು. ಹದಿನಾಲ್ಕು ತಿಂಗಳ ನಂತರ, ಸೀಟುಗಳು ಬಂದು ಜೋಡಣೆಯೂ ಮುಗಿದ ಮೇಲೆ, ಕಡತ ನೋಡಿಕೊಳ್ಳುವ ಹಿರಿಯ ಗುಮಾಸ್ತರು ಅಮ್ಮನಿಗೆ ಇದನ್ನು ತಿಳಿಸಿದರು.

"ಅಲ್ಲ ಮೇಡಂ, ಒಪ್ಪಿಗೆ ಇಲ್ದಿದ್ರೆ ಸಹಿ ಯಾಕೆ ಹಾಕಿದ್ರಿ?"

"ಒಪ್ಪಿಗೆ ಇಲ್ಲ ಅಂತಾನೇ ಅಲ್ವೇನ್ರೀ ಹಾಕಿದ್ದು!"

ಗುಮಾಸ್ತರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲವಂತೆ. ಅಮ್ಮ ಮತ್ತೆರಡು ಸಲ ಬರೆದಳು. ಎರಡಕ್ಕೂ ಅದೇ ಹಸಿರು ಶಾಯಿ, ಅದೇ 'ಗಮನಿಸಲಾಗಿದೆ'. ಮಾನ್ಯರೇ, ಮನೆಗೆ ಬೆಂಕಿ ಬಿದ್ದಿದೆ ಎಂದು ಕೂಗಿದವರಿಗೆ ನಿಮ್ಮ ಕಚೇರಿ ಕಿಟಕಿ ತೆರೆದು 'ಹೌದು, ಕಾಣಿಸ್ತಿದೆ' ಎಂದು ಹೇಳಿ ಮತ್ತೆ ಮುಚ್ಚಿಕೊಂಡಂತಾಯಿತು.

ಸತ್ತವಳನ್ನು ನಾವು ಗುಬ್ಬಚ್ಚಿ ಎನ್ನುತ್ತಿದ್ದೆವು. ಅಮ್ಮ ತರಬೇತಿ ಕೊಟ್ಟ ಕೊನೆಯ ಪೈಲಟ್. ಐವತ್ತೊಂದು ಕಿಲೋ. ಅಮ್ಮನಿಗೆ ಡ್ಯೂಟಿಯಲ್ಲಿ ಮೇಡಂ, ಮನೆಗೆ ಬಂದರೆ ಅಕ್ಕ. ನಾನು ಅವಳಿಗೆ ಅಕ್ಕ ಎನ್ನುತ್ತಿದ್ದೆ. ಹೀಗಾಗಿ ನಮ್ಮ ಸಂಬಂಧ ಏನೆಂದು ಅಪ್ಪನಿಗೆ ಕೊನೆಯವರೆಗೂ ಲೆಕ್ಕ ಸಿಗಲಿಲ್ಲ. ನನ್ನ ಕೆಡೆಟ್ ಶೂಗೆ ಪಾಲಿಶ್ ಹಾಕುವುದನ್ನು ಕಲಿಸಿದವಳು ಅವಳೇ. "ಮುಖ ಕಾಣೋ ತನಕ ಉಜ್ಜು, ಮುಖ ಚೆನ್ನಾಗಿಲ್ದಿದ್ರೆ ಅದು ಪಾಲಿಶ್ ತಪ್ಪಲ್ಲ," ಎಂದು ಕಾಲೆಳೆಯುತ್ತಿದ್ದಳು. ಸೀಟು ಬಂದ ವಾರ ಅವಳು ಅಮ್ಮನಿಗೆ ಫೋನ್ ಮಾಡಿದಳು.

"ಅಕ್ಕಾ, ಹೊಸ ಸೀಟು ಬಂದಿದೆ. ನೀವಿರೋವಾಗಲೇ ಬರಬಾರದಿತ್ತಾ ಇದು?"

ಅಮ್ಮ ಏನು ಹೇಳಬೇಕಿತ್ತು? ಬಾಯಿಗೆ ಬಂದಿತ್ತಂತೆ. ಪರೀಕ್ಷೆಯ ವರದಿ ರಹಸ್ಯ, ಹೊರಗೆ ಹೇಳುವುದಿಲ್ಲ ಎಂದು ಸಹಿ ಹಾಕಿದ್ದಾಳೆ. ಬರೆದಿದ್ದೇನಲ್ಲ, ಇನ್ನೊಂದು ತಿಂಗಳಲ್ಲಿ ಸರಿಮಾಡಿಯಾರು ಎಂಬ ನಂಬಿಕೆ ಬೇರೆ. "ಬೆಲ್ಟು ಬಿಗಿಯಾಗಿ ಹಾಕ್ಕೋ," ಎಂದಷ್ಟೇ ಹೇಳಿ ಫೋನಿಟ್ಟಳು.

ನಾಲ್ಕು ತಿಂಗಳ ಹಿಂದೆ ಗುಬ್ಬಚ್ಚಿಯ ಹೆಲಿಕಾಪ್ಟರ್ ಇಳಿಯುವಾಗ ನೆಲಕ್ಕೆ ಬಡಿಯಿತು. ಒಳಗೆ ನಾಲ್ಕು ಜನ. ಎಪ್ಪತ್ತು ಎಂಬತ್ತು ಕಿಲೋದ ಮೂವರು ಗಂಡಸರು ತಮ್ಮ ಕಾಲ ಮೇಲೆ ನಡೆದು ಹೊರಗೆ ಬಂದರು. ಅವರು ಬದುಕಿದ್ದು ನಿಮ್ಮ ಸೀಟಿನಿಂದಲೇ, ಅದನ್ನು ಒಪ್ಪುತ್ತೇನೆ. ಗುಬ್ಬಚ್ಚಿಯನ್ನು ಮಾತ್ರ ಎತ್ತಿ ತರಬೇಕಾಯಿತು. ಮೈಮೇಲೆ ಒಂದು ಗೀರೂ ಇರಲಿಲ್ಲ. ಅವಳ ಸೀಟಿನ ಕಾಲುಗಳಿಗೂ ಒಂದು ಗೀರು ಇರಲಿಲ್ಲ. ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ಹೋದಳು.

ಹೋದ ತಿಂಗಳು ನಿಮ್ಮ ಕಚೇರಿಯಿಂದ ಒಂದೇ ವಾರದಲ್ಲಿ ಎರಡು ಕಾಗದ ಹೊರಬಿದ್ದವು. ಮೊದಲನೆಯದು ಪತ್ರಿಕೆಗಳಿಗೆ: ನಾಲ್ವರಲ್ಲಿ ಮೂವರು ಬದುಕಿರುವುದರಿಂದ ಸೀಟು ತೃಪ್ತಿಕರ, ಮೃತ ಪೈಲಟ್ ಸರಿಯಾದ ಭಂಗಿಯಲ್ಲಿ ಕೂತಿರಲಿಲ್ಲ. ನಾಲ್ಕಕ್ಕೆ ಮೂರು ಅಂದರೆ ಎಪ್ಪತ್ತೈದು ಪರ್ಸೆಂಟ್, ನಮ್ಮ ಕಾಲೇಜಿನಲ್ಲಾದರೆ ಡಿಸ್ಟಿಂಕ್ಷನ್. ಎರಡನೆಯದು ಅಮ್ಮನಿಗೆ ಬಂದ ನೋಟಿಸು: ಸೀಟನ್ನು ಒಪ್ಪಿದವರಲ್ಲಿ ನಿಮ್ಮ ಸಹಿಯೂ ಇದೆ, ಕ್ರಮ ಏಕೆ ಜರುಗಿಸಬಾರದು? ಸೀಟು ಸರಿಯಿದ್ದರೆ ತಪ್ಪು ಸತ್ತವಳದು, ಸರಿಯಿಲ್ಲದಿದ್ದರೆ ತಪ್ಪು ಸೊಂಟ ಮುರಿದವಳದು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನೀವು ಎರಡು ಮೇಕೆಗಳನ್ನು ಸಾಕಿಕೊಂಡಿದ್ದೀರಿ.

ನೋಟಿಸಿಗೆ ಅಮ್ಮ ಉತ್ತರ ಕೊಟ್ಟುಕೊಳ್ಳುತ್ತಾಳೆ, ಅದು ಅವಳ ಪಾಡು. ನಾನು ಬರೆಯುತ್ತಿರುವುದು ಶನಿವಾರದ ಬಗ್ಗೆ.

ಹೋದ ಸೋಮವಾರ ಹಾಸ್ಟೆಲಿನ ನೋಟಿಸ್ ಬೋರ್ಡಿಗೆ ಹಾರಾಟದ ಪಟ್ಟಿ ಅಂಟಿಸಿದರು. ಯಾರನ್ನು ಎಲ್ಲಿ ಕೂರಿಸಬೇಕೆಂದು ಲೆಕ್ಕ ಹಾಕಲು ಹೆಸರಿನ ಮುಂದೆ ತೂಕ ಬರೆದಿದ್ದರು. ನಮ್ಮವರೆಲ್ಲ ಪಟ್ಟಿ ನೋಡಿ ಒಬ್ಬರನ್ನೊಬ್ಬರು "ಏಯ್ ಕಡ್ಡಿ", "ಏಯ್ ಡುಮ್ಮ" ಎಂದು ಕೂಗಾಡುತ್ತಿದ್ದರು. ನಾನು ತೂಕಗಳನ್ನಷ್ಟೇ ಓದಿದೆ. ಐವತ್ತೈದು, ನಲವತ್ತೇಳು, ಐವತ್ತೆರಡು, ಐವತ್ತು. ಹದಿನಾರರಲ್ಲಿ ಹನ್ನೊಂದು ಅರವತ್ತಕ್ಕಿಂತ ಕೆಳಗೆ. ಹದಿನೆಂಟು ವರ್ಷದವರ ತೂಕ ಎಷ್ಟಿರುತ್ತದೆ ಎಂದುಕೊಂಡಿದ್ದಿರಿ?

ದಳದ ಅಧಿಕಾರಿಯ ಬಳಿ ಹೋಗಿ ಸೀಟಿನ ವಿಷಯ ಹೇಳಿದೆ. ಅವರು ಕೆಟ್ಟವರಲ್ಲ.

"ಹೆದರಿಕೆ ಆದ್ರೆ ಹೆಸರು ತೆಗೆಸ್ಕೊಳಮ್ಮ. ಬೇರೆಯವರನ್ನ ಹೆದರಿಸ್ಬೇಡ."

"ಸರ್, ಸೀಟು..."

"ಸೀಟು ಪಾಸಾಗಿದೆ. ಪೇಪರ್ ಇದೆ."

ಆ ಪೇಪರಿನಲ್ಲಿ ನನ್ನ ಅಮ್ಮನ ಸಹಿ ಇದೆ ಎಂದು ಅವರಿಗೆ ಹೇಗೆ ಹೇಳಲಿ?

ಅಮ್ಮನಿಗೆ ಫೋನ್ ಮಾಡಿ, ಪತ್ರಿಕೆಗೆ ಬರೆಯುತ್ತೇನೆ ಎಂದೆ. "ಬರಿ. ಆದ್ರೆ ನಾನು ಅವಳಿಗೆ ಹೇಳ್ಲಿಲ್ಲ ಅನ್ನೋದನ್ನೂ ಬರಿ," ಎಂದಳು. "ಸಹಿ ಹಾಕಿದ್ದು ಗೊತ್ತಿಲ್ದೆ ಮಾಡಿದ ತಪ್ಪು. ಅವಳಿಗೆ ಹೇಳ್ದೇ ಇದ್ದಿದ್ದು ಗೊತ್ತಿದ್ದೂ ಮಾಡಿದ್ದು." ಬರೆದಿದ್ದೇನೆ.

ನಿನ್ನೆ ಊಟದ ಹಾಲಿನಲ್ಲಿ ಪಟ್ಟಿಯ ಉಳಿದ ಹದಿನೈದು ಜನರಿಗೂ ಎಲ್ಲವನ್ನೂ ಹೇಳಿದೆ. ಇಬ್ಬರು ತಟ್ಟೆ ಬಿಟ್ಟು ಎದ್ದುಹೋದರು. ಒಬ್ಬ, ಅರವತ್ತು ದಾಟೋಕೆ ಎಷ್ಟು ಮೊಟ್ಟೆ ತಿನ್ನಬೇಕು ಎಂದು ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಗ ನನ್ನ ರೂಂಮೇಟ್ ಕೇಳಿದಳು: "ಆ ಸೀಟನ್ನ ಪಾಸ್ ಮಾಡಿದ್ದು ನಿಮ್ಮಮ್ಮಾನೇ ಅಲ್ವಾ?" ಹೌದು ಎಂದೆ. ಆಮೇಲೆ ಯಾರೂ ನಗಲಿಲ್ಲ. ಹೆಸರು ತೆಗೆಸಿದರೆ ದಳದಿಂದಲೇ ಹೊರಗೆ ಎಂಬ ಮಾತು ಓಡಾಡುತ್ತಿರುವುದರಿಂದ ಇವತ್ತಿನವರೆಗೆ ಒಬ್ಬರೂ ತೆಗೆಸಿಲ್ಲ.

ಆದ್ದರಿಂದ ಮಾನ್ಯರೇ, ಶನಿವಾರದ ಹಾರಾಟ ನಿಲ್ಲಿಸಿ. ಶುಕ್ರವಾರ ಸಂಜೆ ಐದರೊಳಗೆ, ಬರವಣಿಗೆಯಲ್ಲಿ. ತೂಕಕ್ಕೆ ಹೊಂದುವ ಸೀಟು ಬರುವ ತನಕ ಅರವತ್ತಕ್ಕಿಂತ ಕಡಿಮೆ ಇರುವ ಯಾರನ್ನೂ, ಪೈಲಟ್ ಇರಲಿ ಪ್ರಯಾಣಿಕರಿರಲಿ, ಅದರಲ್ಲಿ ಕೂರಿಸಬೇಡಿ. ಗುಬ್ಬಚ್ಚಿ ಸರಿಯಾಗಿ ಕೂತಿರಲಿಲ್ಲ ಎಂಬ ವಾಕ್ಯವನ್ನು ವಾಪಸ್ ತೆಗೆದುಕೊಳ್ಳಿ. ಅವಳ ಅಪ್ಪ ಆ ಪತ್ರಿಕೆಯ ತುಂಡನ್ನು ಜೇಬಿನಲ್ಲಿಟ್ಟುಕೊಂಡು, 'ಭಂಗಿ ಅಂದ್ರೆ ಏನು' ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದಾರೆ. ಈ ಪತ್ರವನ್ನು ಮಾತ್ರ ದಯವಿಟ್ಟು ಗಮನಿಸಬೇಡಿ. ಉತ್ತರ ಕೊಡಿ.

ಅಷ್ಟು ಭಯವಿದ್ದರೆ ನಿನ್ನ ಹೆಸರನ್ನಾದರೂ ತೆಗೆಸಿಕೋ ಎಂದು ನೀವೂ ಹೇಳಬಹುದು. ಭಯವಿದೆ. ಆದರೆ ನಾನು ಬಿಟ್ಟ ಜಾಗಕ್ಕೆ ಕಾಯುವ ಪಟ್ಟಿಯ ಮೊದಲನೆಯವಳು ಬರುತ್ತಾಳೆ. ಅವಳ ತೂಕ ನೋಡಿ ಬಂದೆ. ನಲವತ್ತಾರು.

ಇಂತಿ,
ನಿಮ್ಮ ಸೀಟಿಗೆ ಹನ್ನೆರಡು ಕಿಲೋ ಸಾಲದೆ ಬಿದ್ದಿರುವ,
ಶನಿವಾರದ ಪಟ್ಟಿಯ ಒಂಬತ್ತನೆಯವಳು