ಎಂಜಿನ್ ಗೋಡೆಯ ಗೀರುಗಳು

ಅಪ್ಪಾ,

ನೀನು ಓಡಿಸುತ್ತಿದ್ದ ಉಗಿ ಎಂಜಿನ್ ಈಗ ಮ್ಯೂಸಿಯಂನಲ್ಲಿದೆ. ನೀನು ಸತ್ತ ಮೇಲೆ ಅದಕ್ಕೆ ಬಣ್ಣ ಹೊಡೆಯುವ ಕೆಲಸ ನನ್ನ ಪಾಲಿಗೇ ಬಂತು.

ಇವತ್ತು ಎಂಜಿನ್ ಒಳಗೆ ನೀನು ನಿಲ್ಲುತ್ತಿದ್ದ ಕಡೆಯ ಗೋಡೆಯ ಹಳೆಯ ಬಣ್ಣ ಕೆರೆದಾಗ, ಹುಟ್ಟುಹಬ್ಬಕ್ಕೊಮ್ಮೆ ನನ್ನ ಎತ್ತರ ಅಳೆದು ನೀನು ಉಳಿಯಿಂದ ಗೀಚಿದ ಗೆರೆಗಳು ಕಂಡವು, ಪಕ್ಕದಲ್ಲಿ ವಯಸ್ಸು. ಒಂಬತ್ತನೇ ವಯಸ್ಸಿಗೆ ನಿನ್ನನ್ನು ಬಿಟ್ಟು ಅಮ್ಮನ ಜೊತೆ ಹೊರಟುಬಂದವಳು, ನೀನು ಎಷ್ಟು ಕರೆದರೂ ನಾನು ತಿರುಗಿ ಬರಲಿಲ್ಲ. ಗೆರೆಗಳು ಮಾತ್ರ ಹತ್ತೊಂಬತ್ತರವರೆಗೂ ಏರಿದ್ದವು, ಬರೀ ಅಂದಾಜಿನ ಮೇಲೆ.

"ಆ ಗೀರಿಗೆಲ್ಲ ಪುಟ್ಟಿ ಮೆತ್ತಿ ಮುಚ್ಚಿಬಿಡಮ್ಮ," ಅಂದರು ಮೇಲ್ವಿಚಾರಕರು. "ಎಂಜಿನ್ ಇತಿಹಾಸ ಬೋರ್ಡಲ್ಲಿ ಬರೀತೀವಲ್ಲ."

ಮೆತ್ತುವ ಮೊದಲು ಕೊನೆಯ ಗೆರೆಗೆ ಬೆನ್ನು ಕೊಟ್ಟು ನಿಂತೆ. ಅದು ನನ್ನ ತಲೆಗಿಂತ ಒಂದು ಗೇಣು ಮೇಲಿತ್ತು.

ಅಷ್ಟೆತ್ತರ ನಾನು ಬೆಳೆಯಲೇ ಇಲ್ಲ, ಅಪ್ಪ.