ಸುಣ್ಣದ ಮಡಕೆಯ ಬಿಯರ್

ಕಲ್ಯಾಣಪುರ
೨೨ ಸೆಪ್ಟೆಂಬರ್ ೧೯೮೪

ಪ್ರೀತಿಯ ಸ್ಟ್ಯಾನಿ,

ಕುವೈಟಿನ ಬಿಸಿಲು ಈಗಲಾದರೂ ಇಳಿದಿರಬಹುದು, ನೀವು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿರಬಹುದು ಎಂದುಕೊಂಡಿದ್ದೇನೆ. ನಿಮ್ಮ ಪತ್ರ ತಲುಪಿ ಇಪ್ಪತ್ತು ದಿನ ಆಯಿತು. ಉತ್ತರ ತಡವಾದುದಕ್ಕೆ ಕ್ಷಮಿಸಿ. ತಪ್ಪು ನನ್ನೊಬ್ಬಳದಲ್ಲ, ಅರ್ಧ ನಿಮ್ಮ ಬಿಯರಿನದು. ಅದು ಆದ ಮೇಲೆ ಬರೆಯೋಣ ಎಂದು ಕಾದೆ. ಅದು ಆಗಲೂ ಇಲ್ಲ, ನಾನು ಬರೆಯಲೂ ಇಲ್ಲ.

ನಿಮ್ಮ ಮಾಂಯ್ ಚೆನ್ನಾಗಿದ್ದಾರೆ. ಮಂಡಿನೋವು ಇದ್ದದ್ದೇ. ಈಗಲೂ ಎದುರಿಗೇ ಕೂತು, "ನನ್ನ ಮಗನಿಗೆ ಎಂತ ಬರೆದೆ?" ಎಂದು ಕೇಳಿದರು. "ನಿಮಗೆ ಆರೋಗ್ಯ ಉಂಟು ಅಂತ" ಎಂದೆ. "ಹಾಗೆ ಬರೆಯಬೇಡ, ಮತ್ತೆ ಅವನು ರಜೆಯೇ ಹಾಕುವುದಿಲ್ಲ" ಎಂದರು. ಎರಡೂ ಬರೆದಿದ್ದೇನೆ, ನಿಮಗೆ ಬೇಕಾದದ್ದನ್ನು ಓದಿಕೊಳ್ಳಿ.

ನಿಮ್ಮ ತಂಗಿ ಜೆರ್ಟ್ರೂಡಳ ಮದುವೆಗೆ ನೀವು ಬರುವುದಿಲ್ಲ, ಆದರೆ ಹಿಂದಿನ ದಿನ ರೋಸ್ ಶಾಸ್ತ್ರಕ್ಕೆ, ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮುಗಿಯುವಾಗ, ಎಲ್ಲರ ಕೈಯಲ್ಲೂ ಅಲ್ಲಿ ನೀವೆಲ್ಲ ರೂಮಿನಲ್ಲಿ ಕದ್ದು ಮಾಡುವ ಕುವೈಟ್ ಬಿಯರ್ ಇರಬೇಕು. ಊರಿಗೆಲ್ಲ ಮಾತು ಕೊಟ್ಟವರು ನೀವು, ಮಾಡಬೇಕಾದವಳು ನಾನು. ನಿಮ್ಮ ಕಂಪೆನಿಯ ಡ್ರೈವರ್ ಕುಂಞಾಲಿ ಕಾಪುವಿನ ಮನೆಗೆ ರಜೆಯಲ್ಲಿ ಬಂದವರು ಮಾಲ್ಟಿನ ಡಬ್ಬ ತಂದುಕೊಟ್ಟರು. ಟ್ಯಾಕ್ಸಿಯಿಂದ ಇಳಿಯದೆಯೇ, "ಅಕ್ಕ, ಅತ್ತೆಗೆ ಹಾಲಿಗೆ ಹಾಕಿ ಕೊಡಬೇಕಂತೆ, ಶಕ್ತಿ ಬರ್ತದಂತೆ" ಎಂದು ಹೇಳಿ ಹೋದರು. ಐದು ಹೊತ್ತು ನಮಾಜು ಮಾಡುವ ಮನುಷ್ಯನ ಕೈಯಲ್ಲಿ ಬಿಯರಿನ ಸಾಮಾನು ಹೊರಿಸಿದ್ದು ಸಾಲದೆ ಸುಳ್ಳು ಬೇರೆ ಹೇಳಿದ್ದೀರಿ. ನಿಮಗೆ ಎಷ್ಟು ಸಲೀಸು, ಮಾರಾಯರೇ!

ನೀವು ಬರೆದಂತೆಯೇ ಮಾಡಿದೆ. ಮಾಲ್ಟಿನ ಪಾಕವನ್ನು ಸಕ್ಕರೆಯೊಂದಿಗೆ ಕುದಿಸಿ, ಉಗುರು ಬೆಚ್ಚಗಾದ ಮೇಲೆ ಬೇಕರಿಯಿಂದ ತಂದ ಯೀಸ್ಟ್ ಬೆರೆಸಿದೆ. ಭರಣಿಗಳಲ್ಲೆಲ್ಲ ಉಪ್ಪಿನಕಾಯಿ ಇದ್ದುದರಿಂದ ಅಟ್ಟದ ಮೇಲಿದ್ದ ದೊಡ್ಡ ಮಣ್ಣಿನ ಮಡಕೆ ಇಳಿಸಿ, ಮೂರು ಸಲ ತೊಳೆದು, ಅದರಲ್ಲಿ ಹೊಯ್ದು ಬಾಯಿಗೆ ಬಟ್ಟೆ ಕಟ್ಟಿದೆ. ಮರುದಿನ ನೊರೆ ಎದ್ದಿತು. ನನಗಂತೂ ದೊಡ್ಡ ಹೆಮ್ಮೆ. ಮೂರನೆಯ ದಿನಕ್ಕೆ ಎಲ್ಲ ನಿಂತಿತು. ಗುಳ್ಳೆ ಇಲ್ಲ, ಸದ್ದಿಲ್ಲ, ಚಮಚದಲ್ಲಿ ನೆಕ್ಕಿದರೆ ಬರೀ ಪಾಯಸ.

ಮಣಿಪಾಲದಲ್ಲಿ ಒಂಬತ್ತು ವರ್ಷ ವಾರ್ಡಿನಲ್ಲಿ ನಿಂತವಳು ನಾನು, ಸುಮ್ಮನೆ ಬಿಡುತ್ತೇನೆಯೇ? ತಣ್ಣಗಾಯಿತೇನೋ ಎಂದು ಮಾಂಯ್‌ಯ ಕಂಬಳಿ ಸುತ್ತಿದೆ. ಸೌಟಿನಿಂದ ತಳ ಕದಡಿದೆ. ಹೊಸ ಯೀಸ್ಟನ್ನು ಸಕ್ಕರೆ ನೀರಿನಲ್ಲಿ ಎಬ್ಬಿಸಿ ಹಾಕಿದೆ. ಲೋಟದಲ್ಲಿ ಉಕ್ಕಿದ್ದು ಮಡಕೆಗೆ ಬಿದ್ದೊಡನೆ ತೆಪ್ಪಗಾಯಿತು. ಜೆರ್ಟ್ರೂಡ್ "ಹೇಗಾದರೂ ಬಾಟಲಿಗೆ ತುಂಬಿಸಿಬಿಡು ಅತ್ತಿಗೆ" ಎನ್ನುತ್ತಾಳೆ. ಅರ್ಧಕ್ಕೆ ನಿಂತದ್ದನ್ನು ತುಂಬಿಸಿದರೆ ಬಾಟಲಿ ಸಿಡಿಯುತ್ತದೆ ಎಂದು ನೀವೇ ಬರೆದಿದ್ದೀರಿ. ತುಂಬಿಸುವ ಹಾಗಿಲ್ಲ, ಚೆಲ್ಲುವ ಹಾಗಿಲ್ಲ. ಅಜೆಕಾರಿನಲ್ಲಿ ನನ್ನ ತಂಗಿಯ ಮಗುವಿನ ಜ್ಞಾನಸ್ನಾನಕ್ಕೂ ಹೋಗಲಿಲ್ಲ. "ನೀನು ಹೋದರೆ ನನ್ನನ್ನು ನೋಡುವವರು ಯಾರು, ಮಡಕೆಯನ್ನು ನೋಡುವವರು ಯಾರು?" ಎಂದರು ಮಾಂಯ್.

ಆ ದಿನ ಮಡಕೆಯ ಪಕ್ಕ ಕೂತು ಚೆನ್ನಾಗಿ ಅತ್ತೆ, ಸ್ಟ್ಯಾನಿ. ಬಿಯರಿಗಾಗಿ ಅಲ್ಲ. ಈ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತದೆ. ಎರಡು ವರ್ಷ ಅಮ್ಮನ ಜೊತೆ ಇರು, ಮತ್ತೆ ಕರೆಸಿಕೊಳ್ಳುತ್ತೇನೆ ಎಂದಿರಿ, ಕೆಲಸ ಬಿಟ್ಟೆ. ಈಗ ಐದು ವರ್ಷ. ಅಲ್ಲಿಯ ಆಸ್ಪತ್ರೆಗೆ ಕೊಡಲೆಂದು ಜನವರಿಯಲ್ಲಿ ನನ್ನ ಸರ್ಟಿಫಿಕೇಟುಗಳನ್ನು ನಿಮಗೆ ಕಳಿಸಿದೆ. ಕೊಟ್ಟಾಗಿದೆ, ಉತ್ತರ ಬಂದಿಲ್ಲ ಎಂದು ಪ್ರತಿ ಪತ್ರದಲ್ಲೂ ಬರೆಯುತ್ತೀರಿ. ಅಕ್ಟೋಬರ್ ಹನ್ನೊಂದಕ್ಕೆ ನನಗೆ ಮೂವತ್ತೈದು ತುಂಬುತ್ತದೆ. ಆಮೇಲೆ ಅವರು ಹೊಸ ನರ್ಸುಗಳನ್ನು ತೆಗೆದುಕೊಳ್ಳುವುದಿಲ್ಲವಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಒಲೆಯ ಮೇಲಿನದ್ದನ್ನು ಬಿಟ್ಟು ಓಡುತ್ತೇನೆ.

ಕೊನೆಗೆ ಉಪಾಯ ಹೇಳಿದ್ದು ಅಪ್ಪಿ. ಗೊತ್ತಲ್ಲ, ಗಂಡ ಕಳ್ಳು ಇಳಿಸುತ್ತಾನೆ, ಇವಳು ಬೆಲ್ಲ ಕಾಯಿಸುತ್ತಾಳೆ. ಸಣ್ಣದ ಹಿಟ್ಟು ಉಬ್ಬಿಸಲು ಕಳ್ಳು ಕೊಡಲು ಬಂದವಳು ಮಡಕೆಯನ್ನು ನೋಡಿ ನಕ್ಕಳು. "ಇದು ನಮ್ಮ ಬೆಲ್ಲದ ಮಡಕೆ ಅಲ್ವಾ ಬಾಯಮ್ಮ? ನಿಮ್ಮ ಅತ್ತೆಯೇ ನನ್ನಿಂದ ತೆಗೆದುಕೊಂಡದ್ದು. ಒಳಗೆ ಸುಣ್ಣ ಬಳಿದದ್ದು ಉಂಟು. ಕಳ್ಳು ಹುಳಿಯಾಗದೆ ಸಿಹಿಯಾಗಿಯೇ ಇರಲಿ ಅಂತಲೇ ನಾವು ಅದನ್ನು ಬಳಿಯುವುದು." ಬೆರಳಿನಿಂದ ಕೆರೆದು ತೋರಿಸಿದಳು. ನಾನು ಮಣ್ಣಿನ ಬಣ್ಣವೇ ಹಾಗೆ ಎಂದುಕೊಂಡಿದ್ದೆ! ಉಪ್ಪಿನಕಾಯಿ ಬಗ್ಗಿಸಿ, ಭರಣಿಯನ್ನು ಕುದಿನೀರಿನಲ್ಲಿ ತೊಳೆದು, ಎಲ್ಲವನ್ನೂ ಅದಕ್ಕೆ ಹೊಯ್ದೆವು. ಹುಳಿ ಕಳ್ಳಿನ ಮಡ್ಡಿ ಒಂದು ಲೋಟ ಅವಳೇ ಹಾಕಿದಳು. ಬೆಳಿಗ್ಗೆ ನೋಡಿದರೆ ಬಟ್ಟೆ ಒದ್ದೆಯಾಗುವಷ್ಟು ನೊರೆ. ಈಗ ಆರನೆಯ ದಿನ, ಸಿಹಿ ಹೋಗಿದೆ. ಸ್ವಲ್ಪ ಕಳ್ಳಿನ ವಾಸನೆ ಉಂಟು, ರೋಸಿಗೆ ಬಂದವರಿಗೆ ಕುವೈಟಿನಲ್ಲಿ ಹೀಗೆಯೇ ಎಂದು ಹೇಳಿದರಾಯಿತು. ನಾನೂ ನಿಮ್ಮಿಂದ ಕಲಿತಿದ್ದೇನೆ.

ಕುಂಞಾಲಿ ನಾಡಿದ್ದು ಹೊರಡುವವರು ಇವತ್ತು ಬಂದು ಈ ಪತ್ರ ಒಯ್ಯುತ್ತಾರೆ. ಕೈಗೆ ಸಿಕ್ಕಿದ ದಿನವೇ ದಯವಿಟ್ಟು ಆಸ್ಪತ್ರೆಗೆ ಇನ್ನೊಮ್ಮೆ ಹೋಗಿ ಕೇಳಿ. ನಿಮಗೆ ಮಾಂಯ್‌ಯ ಆಶೀರ್ವಾದ, ಜೆರ್ಟ್ರೂಡಳ ಪ್ರೀತಿ. ಮಾತೆ ಮರಿಯಮ್ಮ ನಿಮ್ಮನ್ನು ಕಾಯಲಿ.

ನಿಮ್ಮ
ಗ್ಲ್ಯಾಡಿಸ್

ಮರೆತ ಮಾತು: ಕುಂಞಾಲಿ ಬಂದಿದ್ದಾರೆ, ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದಾರೆ. ಕೂತವರೇ ಕೇಳಿದರು, "ಅಷ್ಟು ಒಳ್ಳೆ ಕೆಲಸ ಬೇಡ ಅಂದದ್ದು ಯಾಕೆ ಅಕ್ಕ? ಏಪ್ರಿಲಿನಲ್ಲಿ ಆಸ್ಪತ್ರೆಯವರು ನಿಮ್ಮ ಕೆಲಸದ ಕಾಗದ ಕೊಟ್ಟಾಗ ಸ್ಟ್ಯಾನಿಯವರನ್ನು ಕಾರಲ್ಲಿ ಕರ್ಕೊಂಡು ಹೋದದ್ದು ನಾನೇ. 'ಅವಳಿಗೆ ಬರುವ ಮನಸ್ಸಿಲ್ಲ' ಅಂತ ಹಿಂದೆ ಕೊಟ್ಟುಬಿಟ್ಟರು." ಪಾಪ, ಅವರಿಗೆ ಏನೂ ಗೊತ್ತಿಲ್ಲ. ಹೌದು, ಅತ್ತೆಗೆ ಮಂಡಿನೋವು ಎಂದೆ. ಸ್ಟ್ಯಾನಿ, ಅಮ್ಮನನ್ನು ನೋಡುವವರಿಲ್ಲ ಎನ್ನಬಹುದಿತ್ತು. ನಾನು ಕಾಯಿಲೆ ಬಿದ್ದಿದ್ದೇನೆ ಎನ್ನಬಹುದಿತ್ತು, ಸತ್ತೆ ಎಂದೇ ಹೇಳಬಹುದಿತ್ತು. ನನಗೆ ಮನಸ್ಸಿಲ್ಲ ಎಂದು ಮಾತ್ರ ಹೇಳಬಾರದಿತ್ತು.