ಬೀಜಕ್ಕೆ ಬಿಟ್ಟ ಗಿಡ

ನೆಕ್ರಾಜೆ
18 ಮೇ 2025

ಪ್ರೀತಿಯ ಜ್ಯೋತ್ಸ್ನಾ,

"ಹೂವು ಕಾದವರ ಕಡೆಗೇ ತಿರುಗುತ್ತದೆ" ಎಂಬ ಒಂದು ಸಾಲು ಬೆಳಗ್ಗಿನಿಂದ ತಲೆಯಲ್ಲಿದೆ. ಎಲ್ಲಿ ಓದಿದ್ದೋ ತಿಳಿಯದು. ಕಾದವರ ಕಡೆಗೋ, ಕಾಯದವರ ಕಡೆಗೋ ಎಂಬುದೂ ಈಗ ಖಚಿತವಿಲ್ಲ. ಕಾದವರ ಕಡೆಗೆ ಎಂದೇ ಇದ್ದರೆ, ಬರೆದವರು ತರಕಾರಿ ಬೆಳೆದವರಲ್ಲ.

ಇವತ್ತು ನಿನ್ನ ಫೋನ್ ಎತ್ತಲಿಲ್ಲ. ಬೇಸರಿಸಬೇಡ. ನೀನು ಸ್ಪೀಕರ್ ಹಾಕಿರುತ್ತೀ, ಅಮ್ಮು ಪಕ್ಕದಲ್ಲೇ ಇರುತ್ತಾಳೆ. ಪ್ರತಿ ಭಾನುವಾರ ಅವಳದು ಒಂದೇ ಪ್ರಶ್ನೆ: "ಅತ್ತೇ, ಅಪ್ಪನ ಗಿಡದಲ್ಲಿ ಬೀಜ ಆಯ್ತಾ?" "ಆಗ್ತದೆ ಮಗಾ" ಎನ್ನುತ್ತೇನೆ. ಹೊಸದುರ್ಗದ ಬಾಡಿಗೆ ಮನೆಯ ಟೆರೇಸಿನಲ್ಲಿ ಅವಳು ಚಟ್ಟಿಗೆ ಮಣ್ಣು ತುಂಬಿಸಿ ಇಟ್ಟಿದ್ದಾಳೆಂದು ನೀನು ಹೇಳಿದಂದಿನಿಂದ ನನಗೆ ಭಾನುವಾರವೆಂದರೆ ಹೆದರಿಕೆ.

ಪ್ರಸಾದ ಕಾಯಿಲೆ ಹಿಡಿದು ಶ್ರೀನಗರದ ಬ್ಯಾಂಕಿನ ಕೆಲಸ ಬಿಟ್ಟು ಬಂದಾಗ ಚೀಲದಲ್ಲಿದ್ದ ಬೀಜದ ಪೊಟ್ಟಣ ನಿನಗೆ ನೆನಪಿರಬಹುದು. ಅಲ್ಲಿಯವರು ಹಾಕ್ ಎನ್ನುವ ಸೊಪ್ಪು. ಕ್ಯಾಬೇಜಿನದೇ ಬಳಗ, ಆದರೆ ಉಂಡೆ ಕಟ್ಟದೆ ಅಗಲ ಎಲೆ ಬಿಡುತ್ತಾ ಎತ್ತರಕ್ಕೆ ಹೋಗುತ್ತದೆ. ಮಳೆ ಬಿಟ್ಟ ಮೇಲೆ ಬಾವಿಯ ಪಕ್ಕ ಕುರ್ಚಿ ಹಾಕಿಸಿ ಕೂತು, ನನ್ನ ಕೈಯಿಂದ ಬಿತ್ತಿಸಿದ. ಮೊದಲು ಕೊಯ್ದ ಎಲೆಗಳನ್ನು ನಾನು ಕಾಯಿ ಹಾಕಿ ಪಲ್ಯ ಮಾಡಿದ ದಿನ ನೀನು ಪಾಠ ಮಾಡಲು ಶಾಲೆಗೆ ಹೋಗಿದ್ದೆ. ಅವನು ನಕ್ಕದ್ದೇ ನಕ್ಕದ್ದು: "ಅಕ್ಕಾ, ಪಾಪದ ಕಾಶ್ಮೀರದ ಸೊಪ್ಪನ್ನು ಕಾಸರಗೋಡಿಗೆ ಸೇರಿಸಿಬಿಟ್ಟೆಯಲ್ಲ!" ಎರಡು ತುತ್ತು ತಿಂದ. ಆಮೇಲೆ ಅವನು ರುಚಿಯೆಂದು ಏನನ್ನೂ ತಿಂದ ನೆನಪಿಲ್ಲ. "ಒಂದು ಗಿಡ ಬೀಜಕ್ಕೆ ಬಿಡಕ್ಕಾ" ಎಂದು ಅವನೇ ಹೇಳಿದ್ದ.

ಜನವರಿಯಲ್ಲಿ ಅವನು ಹೋದ ಮೇಲೆ, ಹುಳ ತಿಂದು ಉಳಿದದ್ದು ಒಂದೇ ಗಿಡ. ಹರಿವೆ ಸೊಪ್ಪಿನ ಸಾಲಿನಲ್ಲಿ ಚೆನ್ನಾಗಿ ಬಂದದ್ದೊಂದನ್ನು ಕೊಯ್ಯದೆ ಬೀಜಕ್ಕೆ ಬಿಡುತ್ತೇವಲ್ಲ, ಹಾಗೆ ಅದನ್ನು ಬಿಟ್ಟೆ. ಒಂದೆಲೆ ಮುಟ್ಟಲಿಲ್ಲ, ಯಾರಿಗೂ ಮುಟ್ಟಗೊಡಲಿಲ್ಲ. ನೆರೆಮನೆಯ ಕಮಲ ನಾಲ್ಕೆಲೆ ಕೇಳಿಕೊಂಡು ಬಂದವಳು, "ಎಂತ ಅಕ್ಕ, ಇದು ತರಕಾರಿಯಾ, ಮ್ಯೂಸಿಯಮ್ಮಾ?" ಎಂದು ಬರಿಗೈಯಲ್ಲಿ ಹೋದಳು. ಬಿಸಿಲಿಗೆ ತೆಂಗಿನ ಮಡಲು ಮರೆಮಾಡಿದೆ. ಎಲೆಯಡಿಯ ಹುಳ ಹೆಕ್ಕಿದೆ. ಬೆಳಗ್ಗೆ ಹಾಸಿಗೆಯಿಂದ ಏಳಲು ಅದೊಂದು ಕಾರಣವಾಗಿತ್ತು.

ಗಿಡ ನನ್ನ ಸೊಂಟದವರೆಗೆ ಬಂತು. ಹೂ ಬರಲಿಲ್ಲ. ಕೆಳಗಿನ ಎಲೆಗಳು ಹಳದಿಯಾಗಿ ಒಂದೊಂದೇ ಉದುರುತ್ತಿವೆ. ಈ ಸಲ ಮಳೆ ಬೇಗ ಎನ್ನುತ್ತಿದ್ದಾರೆ. ಹಿಡಿದು ಸುರಿದರೆ ಬುಡ ಕೊಳೆತು ಹೋಗುತ್ತದೆ, ಆಮೇಲೆ ಅವನು ನೆಡಿಸಿದ್ದು ಎಂದು ಈ ಹಿತ್ತಿಲಲ್ಲಿ ಏನೂ ಇರುವುದಿಲ್ಲ.

ಅಮ್ಮುವಿಗೆ ಏನು ಹೇಳಲಿ? ಪೇಟೆಯಿಂದ ಬೇರೆ ಯಾವುದೋ ಬೀಜ ತಂದು ಇದೇ ಎಂದು ಕೊಡಬಹುದೆಂದು ಯೋಚಿಸಿದ್ದೂ ಉಂಟು. ಅವಳಿಗೆ ತಿಳಿಯದು. ನಮಗೆ ತಿಳಿಯುತ್ತದಲ್ಲ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ.

ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೀ ತಾನೆ? ನಾನು ಚೆನ್ನಾಗಿಯೇ ಇದ್ದೇನೆ.

ನಿನ್ನ,
ಶ್ರೀರಂಜಿನಿ ಅತ್ತಿಗೆ

ತಾ.ಕ.: ಲಕೋಟೆ ಅಂಟಿಸುವಾಗ ಗುಡುಗಿತು, ಹಿಂದೆಯೇ ಕಮಲ ಬಂದಳು. ಕರೆದರೂ ಒಳಗೆ ಬಾರದೆ ಬಾಗಿಲಲ್ಲೇ ನಿಂತು ಹೇಳಿದಳು: "ಬೈಬೇಡಿ ಅಕ್ಕ. ಅದು ಇಲ್ಲಿ ಹೂ ಬಿಡುವುದಿಲ್ಲ, ಅದಕ್ಕೆ ಅಲ್ಲಿಯ ಚಳಿಯೇ ಬೇಕಂತೆ. ಪ್ರಸಾದಣ್ಣನಿಗೆ ಗೊತ್ತಿತ್ತು. ಮಲಗಿದಲ್ಲಿಂದಲೇ ನನಗೆ ಹೇಳಿದ್ರು, 'ಅಕ್ಕನಿಗೆ ಈಗ ಹೇಳಬೇಡ ಕಮಲಾ, ನಾನು ಹೋದ ಮೇಲೆ ಅವಳಿಗೆ ಕಾಯಲಿಕ್ಕೆ ಎಂತಾದ್ರೂ ಬೇಕಲ್ಲ. ಮಳೆ ಹಿಡಿಯುವ ಮೊದಲು ಹೇಳು. ಅಮ್ಮುವನ್ನು ಕರೆಸಿ, ಎಲೆಯೆಲ್ಲ ಕೊಯ್ದು ಪಲ್ಯ ಮಾಡಲಿ. ಕಾಯಿ ಹಾಕಿಯೇ ಮಾಡಲಿ' ಅಂತ."